ಸೇತುಬಂಧದ ಅಂಕಿ ಇದ್ದದ್ದು ಇದ್ದ ಹಾಗೆ ಕಳಿಸಲಾ? ಸ್ಟಾಫ್ ರೂಮ್ ಮಾತು ನಿಲ್ಲಿಸಿದೆ

ಪ್ರಭಾರ ಎಚ್‌ಎಂ, ಚಳ್ಳಕೆರೆ ಕಡೆ:

ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆಯಿಂದ ಮೊಳಕಾಲ್ಮೂರು ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಒಂದು ಊರು. ಅಲ್ಲಿನ ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ವಿಜ್ಞಾನದ ಟೀಚರ್. ಹಿಂದಿನ ಎಚ್‌ಎಂ (ಮುಖ್ಯ ಶಿಕ್ಷಕರು) ನಿವೃತ್ತರಾದ ಮೇಲೆ ಪ್ರಭಾರ ನನಗೆ ಬಂದಿದೆ. ಕಾಯಂ ಎಚ್‌ಎಂ ಬರುವವರೆಗೆ ಮಾತ್ರ ಅಂದಿದ್ದಾರೆ. ಅದು ಯಾವಾಗ ಅಂತ ನೀವೇ ಊಹೆ ಮಾಡಿ.

ವಿಷಯ ಇದು. ಶಾಲೆ ಶುರುವಾದ ಮೇಲೆ ಸೇತುಬಂಧ ನಡೆಯಿತು, ಅಂದರೆ ಹಿಂದಿನ ತರಗತಿಗಳಲ್ಲಿ ಕಲಿಯದೆ ಉಳಿದದ್ದನ್ನು ತುಂಬಿಸುವ ಕಾರ್ಯಕ್ರಮ. ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ, ಮೂರೂ ಕಾಗದದ ಮೇಲೆ ಮುಗಿದಿವೆ. ಒಂಬತ್ತನೇ ತರಗತಿಯ ಕನ್ನಡದ ಫಲಿತಾಂಶದ ವಹಿ ನನ್ನ ಸಹಿಗೆ ಬಂತು. 38 ಮಕ್ಕಳೂ ಸಾಮರ್ಥ್ಯ ಗಳಿಸಿದ್ದಾರೆ ಅಂತ ಇತ್ತು. ಸಹಿ ಹಾಕುವುದರಲ್ಲಿದ್ದೆ. ಆದರೆ ಅದೇ ವಾರ ಆ ಕ್ಲಾಸಿನಲ್ಲಿ ನಾನು ವಿಜ್ಞಾನದ ಪಾಠ ಜೋರಾಗಿ ಓದಿಸಿದ್ದೆ. ಓದು ಎಲ್ಲೆಲ್ಲಿ ಮುಗ್ಗರಿಸಿತು ಅಂತ ಕಿವಿಯಲ್ಲೇ ಇತ್ತು.

ಹಾಗಾಗಿ ಪಕ್ಕದ ಪ್ರಾಥಮಿಕ ಶಾಲೆಯಿಂದ ನಾಲ್ಕನೇ ತರಗತಿಯ ಕನ್ನಡ ಪುಸ್ತಕ ತರಿಸಿದೆ. ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಒಂದು ಪ್ಯಾರಾ ಓದಿಸಿದೆ. ಎಲ್ಲರ ಮುಂದೆ ಆದರೆ ನಾಚಿಕೆ ಅಲ್ವಾ. 13 ಮಕ್ಕಳಿಗೆ ಆಗಲಿಲ್ಲ. ಕೆಲವರು ಒತ್ತಕ್ಷರ ಬಂದ ಕಡೆ ನಿಲ್ಲುತ್ತಾರೆ. ಇಬ್ಬರಿಗೆ ಕಾಗುಣಿತವೇ ಕೂತಿಲ್ಲ. ಆ ಇಬ್ಬರೂ ಚುರುಕಾದ ಹುಡುಗರು. ಕಬಡ್ಡಿ ತಂಡದಲ್ಲಿದ್ದಾರೆ. ಬೋರ್ಡ್ ಮೇಲಿನದನ್ನು ಎಷ್ಟು ದುಂಡಗೆ ಇಳಿಸಿಕೊಳ್ಳುತ್ತಾರೆ ಅಂದರೆ ನೋಟ್ಸ್ ನೋಡಿದವರಿಗೆ ಅನುಮಾನವೇ ಬರಲ್ಲ. ಬರೆದದ್ದನ್ನೇ ಓದು ಅಂದರೆ ನೆಲ ನೋಡುತ್ತಾರೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ನಮ್ಮಲ್ಲಿ ಬಹಳ. ಆದರೆ ಅದೊಂದೇ ಕಾರಣ ಅಂತ ನಾನು ಒಪ್ಪಲ್ಲ. ತೆಲುಗು ಮನೆಯ ಮಕ್ಕಳೇ ಕ್ಲಾಸಿಗೆ ಮೊದಲು ಬಂದಿರುವುದೂ ಇದೆ.

ಸಿಬ್ಬಂದಿ ಸಭೆಯಲ್ಲಿ ಇದನ್ನು ಹೇಳಿದೆ. ಯಾರ ಹೆಸರೂ ಎತ್ತಲಿಲ್ಲ. 'ನಮ್ಮ ಮಕ್ಕಳ ಪರಿಸ್ಥಿತಿ ಹೀಗಿದೆ, ಏನು ಮಾಡೋಣ' ಅಂತ ಮಾತ್ರ ಕೇಳಿದೆ. ಹಿಂದಿ ಮೇಡಂ ಮೊಬೈಲ್ ನೋಡಿದರು. ಪಿಇ ಮೇಷ್ಟ್ರು ಫ್ಯಾನ್ ನೋಡಿದರು. ಕರೆಂಟ್ ಇರಲಿಲ್ಲ. ಕೊನೆಗೆ ಗಣಿತದ ಸರ್ ಬಾಯಿ ಬಿಟ್ಟರು. 'ಮೇಡಂ, ಮೇಲಕ್ಕೆ ಏನು ಕಳಿಸ್ತೀರಿ?' ಅಷ್ಟೇ. ಸಭೆ ಮುಗಿಯಿತು.

ನಿಜವಾದ ಸಭೆ ಆಮೇಲೆ ಗೇಟಿನ ಎದುರು ಟೀ ಅಂಗಡಿಯಲ್ಲಿ ನಡೆಯಿತು. 'ಹೊಸ ಎಚ್‌ಎಂ ನಮ್ಮನ್ನ ಸಿಕ್ಕಿಸೋಕೆ ಹೊರಟಿದ್ದಾರೆ' ಅಂತ ಅಲ್ಲಿ ತೀರ್ಮಾನವಾಗಿದೆ. ಬಿಸಿಯೂಟದ ಅಕ್ಕ ಬಂದು ಹೇಳಿದರು. ನಮ್ಮ ಶಾಲೆಯಲ್ಲಿ ಸುದ್ದಿ ಎಚ್‌ಎಂ ರೂಮಿಗೆ ಬರುವುದು ಅಡುಗೆಮನೆ ದಾರಿಯಲ್ಲೇ.

ಕನ್ನಡದ ಮೇಷ್ಟ್ರು ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರು. ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಇದ್ದು ಬಡ್ತಿ ಮೇಲೆ ಬಂದವರು. ಹಾಗಾಗಿ ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಕೆಳಗೆ. ಮುಂದಿನ ವರ್ಷ ನಿವೃತ್ತಿ. ಮಕ್ಕಳಿಗೆ ಅವರೆಂದರೆ ಪ್ರೀತಿ, ನನಗೂ ಗೌರವ. ಈ ಮಕ್ಕಳಿಗೆ ಕಳೆದ ವರ್ಷವೂ ಕನ್ನಡ ಅವರದೇ. ಈಗ ಅವರ ಎದುರು ಕೂತು 'ನಿಮ್ಮ ವಹಿ ಸುಳ್ಳು' ಅಂತ ಹೇಗೆ ಹೇಳುವುದು? ಹೇಳದೆ ಸಹಿ ಹಾಕಿದರೆ ನಾನೂ ಅದರಲ್ಲಿ ಸೇರಿದೆ.

ಈಚೆಗೆ ಒಂದು ನಾಯಕತ್ವ ತರಬೇತಿಗೂ ಹೋಗಿ ಬಂದೆ. ಮನಸ್ಸು ಬಿಚ್ಚಿ ಮಾತಾಡಿ, ನೀವು ನೀವಾಗಿರಿ ಅಂದರು. ಚಾರ್ಟಿನಲ್ಲಿ ಮರ ಬರೆಸಿದರು. ಬೇರಿನ ಹತ್ತಿರ 'ನಂಬಿಕೆ' ಅಂತ ಬರೆದೆವು. ಊಟ ಚೆನ್ನಾಗಿತ್ತು. ಒಂಬತ್ತನೇ ತರಗತಿ ವಹಿಗೆ ಏನು ಮಾಡಬೇಕು ಅಂತ ಆ ಮರದಲ್ಲಿ ಎಲ್ಲೂ ಇರಲಿಲ್ಲ.

ಅನುಭವ ಇದ್ದವರು ಹೇಳಿ. ನಿಜವಾದ ಅಂಕಿ ಕಳಿಸಲಾ? ಮೇಷ್ಟ್ರ ಹತ್ತಿರ ಮಾತು ಹೇಗೆ ಶುರು ಮಾಡಲಿ? ಅಪ್ಪ ಅಮ್ಮಂದಿರಿಗೆ ಹೇಳಬೇಕಾ, ಅಥವಾ ಮೊದಲು ನಾವು ಸರಿ ಮಾಡಿಕೊಳ್ಳೋಣವಾ?

ಹರಿಹರದ ನಿವೃತ್ತ ಎಚ್‌ಎಂ:

ಮೇಡಂ, ನಿಮ್ಮ ಗಣಿತದ ಸರ್ ಕೇಳಿದ್ದೇ ಸರಿಯಾದ ಪ್ರಶ್ನೆ. ಅದನ್ನು ನೀವು ಉಡಾಫೆ ಅಂದುಕೊಂಡಿದ್ದೀರಿ. ಅವರು ಕೇಳಿದ್ದು, ಈ ಕೆಟ್ಟ ಅಂಕಿ ಮೇಲೆ ಹೋದಾಗ ಅದರ ಕೆಳಗೆ ಯಾರ ಹೆಸರು ಇರುತ್ತೆ ಅಂತ. ನೀವು ಅದಕ್ಕೆ ಉತ್ತರ ಕೊಟ್ಟಿರಾ? ಕೊಡದಿದ್ದರೆ ಅವರು ಯಾಕೆ ಮಾತಾಡುತ್ತಾರೆ?

ನಾನು ಎಚ್‌ಎಂ ಆಗಿದ್ದಾಗ ಒಂದು ವರ್ಷ ಸೇತುಬಂಧದ ನಿಜ ಲೆಕ್ಕ ಕಳಿಸಿದೆ. ಕಳಿಸುವ ಮೊದಲು ಸ್ಟಾಫಿಗೆ ಹೇಳಿದ್ದು ಇಷ್ಟೇ: ಅಂಕಿ ನನ್ನ ಹೆಸರಲ್ಲಿ ಹೋಗುತ್ತೆ, ಯಾವ ಶಿಕ್ಷಕರ ಹೆಸರೂ ಇರಲ್ಲ, ನೋಟಿಸ್ ಬಂದರೆ ನನಗೆ, ಉತ್ತರವೂ ನನ್ನದೇ. ಯಾರೂ ನಂಬಲಿಲ್ಲ. ಆಮೇಲೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಸುತ್ತಮುತ್ತಲಿನ ಶಾಲೆಗಳದ್ದೆಲ್ಲ ನೂರಕ್ಕೆ ನೂರು, ನಿಮ್ಮದು ಮಾತ್ರ ಹೀಗ್ಯಾಕೆ ಅಂದರು. ನಿಂತೇ ಉತ್ತರ ಹೇಳಿದೆ. ಆ ಸಭೆಗೆ ಬಂದಿದ್ದ ಬೇರೆ ಶಾಲೆಯವರಿಂದ ಸುದ್ದಿ ನನಗಿಂತ ಮೊದಲು ನಮ್ಮ ಸ್ಟಾಫ್ ರೂಮ್ ಮುಟ್ಟಿತ್ತು. ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ಕ್ಲಾಸಿನ ನಿಜ ಹೇಳತೊಡಗಿದರು. ಎಲ್ಲರೂ ಅಲ್ಲ. ಇಂಗ್ಲಿಷಿನವರು ಕೊನೆಯವರೆಗೂ ನೂರಕ್ಕೆ ನೂರೇ.

ಕನ್ನಡ ಮೇಷ್ಟ್ರ ವಿಷಯ. ಸಭೆಯಲ್ಲಿ ಬೇಡ, ನಿಮ್ಮ ರೂಮಿಗೂ ಕರೆಸಬೇಡಿ. ಎಚ್‌ಎಂ ಟೇಬಲ್ ಮುಂದೆ ಕೂತವರಿಗೆ ಮೊದಲು ಬರುವ ಯೋಚನೆ ತಪ್ಪಿಸಿಕೊಳ್ಳುವುದು ಹೇಗೆ ಅಂತ. ಅವರ ಕ್ಲಾಸಿಗೇ ಹೋಗಿ, ಮಕ್ಕಳು ಆಟಕ್ಕೆ ಹೋದಾಗ ಬೆಂಚಿನ ಮೇಲೆ ಕೂರಿ. ಮಕ್ಕಳು ಓದಿದ ಪುಸ್ತಕ, ನೀವು ಬರೆದುಕೊಂಡ ಪಟ್ಟಿ ಕೈಯಲ್ಲಿರಲಿ. ಸಿರಿಗೆರೆ ಮಠದಲ್ಲಿ ಸ್ವಾಮೀಜಿ ಜನರ ವ್ಯಾಜ್ಯ ಕೇಳುವ ಸೋಮವಾರದ ನ್ಯಾಯಪೀಠ ನೋಡಿದ್ದೀರಾ? ಇಬ್ಬರೂ ಎದುರುಬದುರು, ಕಾಗದ ಮುಂದೆ. ಬೆನ್ನ ಹಿಂದೆ ಆಡಿದ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅದನ್ನು ಅಲ್ಲಿಂದ ತೆಗೆದುಕೊಳ್ಳಿ, ಸುತ್ತ ಕೂತಿರುವ ಜನರನ್ನು ಮಾತ್ರ ಬಿಟ್ಟುಬಿಡಿ.

ಸಮಾಜ ವಿಜ್ಞಾನ, ಹೆಸರು ಬೇಡ:

ಮೇಲಿನ ಸರ್ ಹೇಳಿದ್ದು ಕೇಳಲು ಚೆನ್ನಾಗಿದೆ. ನಾನು ಸಹಶಿಕ್ಷಕ. ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಎಚ್‌ಎಂ ಬಂದಾಗಲೆಲ್ಲ ನಾವು ಇದನ್ನು ಕೇಳಿದ್ದೇವೆ. ಮನಸ್ಸು ಬಿಚ್ಚಿ ಹೇಳಿ, ನಾನಿದ್ದೇನೆ. ಬಿಚ್ಚಿ ಹೇಳುತ್ತೇವೆ. ಆಮೇಲೆ ಅವರಿಗೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಗುತ್ತದೆ. ಅವರು ಹೋಗುತ್ತಾರೆ, ನಾವು ಹೇಳಿದ್ದು ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಮುಂದೆ ಬಂದವರು ಅದನ್ನೇ ತೆಗೆದು ಓದುತ್ತಾರೆ. ಪ್ರಭಾರ ಎಚ್‌ಎಂ ಅಂದರೆ ಇನ್ನೂ ಕಷ್ಟ. ಮೇಡಂ ಎಷ್ಟು ದಿನ ಇರುತ್ತಾರೆ ಅಂತ ಅವರಿಗೇ ಗೊತ್ತಿಲ್ಲ.

ನಮ್ಮ ಜಿಲ್ಲೆಯ ಕತೆಯನ್ನೇ ನೋಡಿ. 2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು, ಶೇ 96.80. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಆಯಿತು. ನಮ್ಮದು ಶೇ 72.85, 21ನೇ ಸ್ಥಾನ. ಇಡೀ ರಾಜ್ಯವೇ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಮೇಷ್ಟ್ರುಗಳು ಪಾಠ ಮರೆತರಾ? 2023ರಲ್ಲಿ ಹಾರ ಬಿದ್ದದ್ದು ಜಿಲ್ಲೆಗೆ. 2024ರಲ್ಲಿ ಬೈಗುಳ ಮಾತ್ರ ಶಾಲೆವಾರು, ವಿಷಯವಾರು, ಶಿಕ್ಷಕರವಾರು ಬಂತು. ಕ್ಯಾಮೆರಾ ಹಾಕಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಾಕಬೇಕಿತ್ತು, ಹಾಕಿದರು. ಆದರೆ ಮೊದಲ ಸ್ಥಾನ ಬಂದ ವರ್ಷ 'ಇದು ಹೇಗೆ ಬಂತು' ಅಂತ ಒಬ್ಬರಾದರೂ ಕೇಳಿದ್ದರೆ ನಾವು ಆಗಲೇ ಮಾತಾಡುತ್ತಿದ್ದೆವು.

ಇನ್ನೊಂದು. ಪರಿಹಾರ ಬೋಧನೆ ಯಾಕೆ ಕಾಗದದಲ್ಲೇ ಉಳಿಯುತ್ತದೆ ಅಂತ ಯಾರೂ ಕೇಳಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸ ನಮಗೆ ಕೊಡುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಮೀಕ್ಷೆ ಅಂತ ಮನೆ ಮನೆ ಸುತ್ತಿದವರು ಯಾರು? ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿದರು. ಅದು ಬಿಟ್ಟರೆ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಸ್ಯಾಟ್ಸ್ ಅನ್ನುವ ಮಕ್ಕಳ ಆನ್‌ಲೈನ್ ದಾಖಲೆಗೆ ಎಂಟ್ರಿ. ಮೇಡಂ, ಮೇಷ್ಟ್ರ ಎದುರು ಕೂರುವ ಮೊದಲು ಅವರ ಕೈಯಿಂದ ಯಾವ ಕೆಲಸ ತೆಗೆಯುತ್ತೀರಿ ಅಂತ ಯೋಚಿಸಿ ಹೋಗಿ. ಬರಿಗೈಯಲ್ಲಿ ಹೋಗಿ ಸತ್ಯ ಕೇಳಬೇಡಿ.

ಬಿ.ಇಡಿ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು, ದಾವಣಗೆರೆ:

ಎರಡೂ ಉತ್ತರ ಓದಿದೆ. ನಮ್ಮ ದಾವಣಗೆರೆ ಜಿಲ್ಲೆಯ ಫಲಿತಾಂಶವೂ 2024ರಲ್ಲಿ ನಿಮ್ಮ ಆಸುಪಾಸಿನಲ್ಲೇ ಇತ್ತು, ನಗುವ ಸ್ಥಿತಿಯಲ್ಲಿ ನಾವೂ ಇಲ್ಲ.

ಹೆಸರು ಬೇಡ ಅಂದ ಸರ್ ಹೇಳಿದ ಭಯಕ್ಕೆ ಸಂಬಂಧಿಸಿ ಒಂದು ಹಳೇ ಅಧ್ಯಯನ ಇದೆ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಏಮಿ ಎಡ್ಮಂಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗ ಆಗುವ ತಪ್ಪು ಕಡಿಮೆ ಇರಬೇಕು ಅಂತ ಅವರ ಲೆಕ್ಕ. ಬಂದದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆಮೇಲೆ ಗೊತ್ತಾಯಿತು, ಅಲ್ಲಿ ತಪ್ಪು ಜಾಸ್ತಿ ಆಗುತ್ತಿರಲಿಲ್ಲ. ಆದದ್ದನ್ನು ಹೇಳಲು ನರ್ಸ್‌ಗಳು ಹೆದರುತ್ತಿರಲಿಲ್ಲ. ಅಂದರೆ ಸುತ್ತಮುತ್ತಲಿನ ಶಾಲೆಗಳೆಲ್ಲ ನೂರಕ್ಕೆ ನೂರು ಅಂತ ಕೇಳಿದಾಗ ನನಗೆ ಆ ಶಾಲೆಗಳ ಬಗ್ಗೆ ಚಿಂತೆ ಆಗುತ್ತದೆ, ನಿಮ್ಮ ಶಾಲೆ ಬಗ್ಗೆ ಅಲ್ಲ.

ಮೇಷ್ಟ್ರ ಹತ್ತಿರ ಮಾತು ಶುರು ಮಾಡುವುದಕ್ಕೆ ನ್ಯೂಜಿಲೆಂಡ್‌ನ ವಿವಿಯನ್ ರಾಬಿನ್ಸನ್ ಹೇಳುವ ದಾರಿ ನನಗೆ ಇಷ್ಟ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಶಾಲಾ ಮುಖ್ಯಸ್ಥರ ಮೇಲೇ ಕೆಲಸ ಮಾಡಿದವರು. ಅವರು ಹೇಳುವುದು ಏನೆಂದರೆ, ಎಚ್‌ಎಂಗಳು ಎರಡು ರೀತಿ ಕೆಡಿಸುತ್ತಾರೆ. ಒಂದೋ ಸಂಬಂಧ ಉಳಿಸಲು ವಿಷಯ ಮುಚ್ಚಿಡುತ್ತಾರೆ. ಇಲ್ಲವೋ ವಿಷಯ ಹೇಳುವ ಭರದಲ್ಲಿ ಎದುರಿನವರನ್ನು ಮೊದಲೇ ತಪ್ಪಿತಸ್ಥ ಮಾಡಿರುತ್ತಾರೆ. 'ನಿಮ್ಮ ವಹಿ ಸುಳ್ಳು' ಅನ್ನುವುದು ಎರಡನೆಯದು. ಅದು ನೀವು ಕಂಡದ್ದಲ್ಲ, ಕಂಡದ್ದರಿಂದ ನೀವು ಮಾಡಿಕೊಂಡ ತೀರ್ಮಾನ. ನೀವು ಕಂಡದ್ದು 13 ಮಕ್ಕಳು ಓದಲಿಲ್ಲ ಅಂತ. ಅಷ್ಟನ್ನೇ ಹೇಳಿ, ಹೇಗೆ ಕಂಡಿರಿ ಅಂತ ಹೇಳಿ, ನಿಲ್ಲಿಸಿ. ಆಮೇಲೆ ಕೇಳಿ. 'ಸರ್, ನಾನು ನಾಲ್ಕನೇ ಕ್ಲಾಸಿನ ಪುಸ್ತಕ ಓದಿಸಿದೆ. ಈ ಮಕ್ಕಳಿಗೆ ಆಗಲಿಲ್ಲ. ವಹಿಯಲ್ಲಿ ಬೇರೆ ಇದೆ. ನಿಮಗೆ ಕಂಡದ್ದು ಏನು?' ಈ ಕೊನೆಯ ಪ್ರಶ್ನೆ ನಾಟಕಕ್ಕೆ ಕೇಳಬೇಡಿ. ಅವರ ಉತ್ತರದಿಂದ ನಿಮ್ಮ ಅಭಿಪ್ರಾಯ ಬದಲಾಗುವ ಸಾಧ್ಯತೆ ಇದ್ದರೆ ಮಾತ್ರ ಕೇಳಿ. ಇಲ್ಲದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಮೊದಲು ಹೊಗಳಿ, ನಡುವೆ ಚುಚ್ಚಿ, ಕೊನೆಗೆ ಮತ್ತೆ ಹೊಗಳುವ ಪದ್ಧತಿ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಹೊಗಳಿಕೆ ಶುರುವಾದ ತಕ್ಷಣ ನಮ್ಮವರು 'ಏನೋ ಬರ್ತಿದೆ' ಅಂತ ಸೆಟೆದು ಕೂರುತ್ತಾರೆ.

ಜಗಳೂರು ತಾಲ್ಲೂಕಿನ ಒಬ್ಬ ತಾಯಿ:

ನಾನು ಟೀಚರ್ ಅಲ್ಲ. ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ.

ನೀವು ಕೇಳಿದ್ದೀರಲ್ಲ, ತಂದೆ ತಾಯಿಗೆ ಹೇಳಬೇಕಾ ಅಂತ. ಆ ಪ್ರಶ್ನೆ ಕೇಳುವುದೇ ನಮಗೆ ಬೇಜಾರು. ನನ್ನ ದೊಡ್ಡ ಮಗ ಏಳನೇ ಕ್ಲಾಸಿನ ತನಕ ಚೆನ್ನಾಗಿ ಓದುತ್ತಾನೆ ಅಂತಲೇ ಹೇಳಿದರು. ಪ್ರಗತಿ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಎಲ್ಲದರಲ್ಲೂ ಎ, ಬಿ ಪ್ಲಸ್ ಇತ್ತು. ಹತ್ತರಲ್ಲಿ ನಾಲ್ಕು ವಿಷಯ ಹೋಯಿತು. ಆವಾಗ ಹೇಳಿದರು, ಇವನಿಗೆ ಬೇಸಿಕ್ಕೇ ಇಲ್ಲಮ್ಮ ಅಂತ. ಮೊದಲೇ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನನಗೂ ಓದಲು ಅಷ್ಟು ಬರಲ್ಲ. ಆದರೆ ಅಣ್ಣನ ಮಗಳು ಪಿಯುಸಿ ಓದುತ್ತಿದ್ದಳು, ದಿನಾ ಸಂಜೆ ಕೂರಿಸುತ್ತಿದ್ದೆ. ಅದನ್ನು ಮಾಡುವ ಅವಕಾಶ ನನಗೆ ಕೊಡಲಿಲ್ಲ.

ಪಾಲಕರ ಸಭೆ ಅಂತ ಕರೆದು ಹೇಳಬೇಡಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತೀರಿ. ಬಂದರೆ ಆ ದಿನದ ಕೂಲಿ ಹೋಯಿತು. ಬಂದ ಮೇಲೆ ಭಾಷಣ. ಸಂಜೆ ಮೇಲೆ ಮನೆ ಹತ್ತಿರ ಬನ್ನಿ. ಮಗುವನ್ನು ನನ್ನ ಎದುರಿಗೆ ಎರಡು ಸಾಲು ಓದಿಸಿ. ನನಗೆ ಓದಲು ಬರದಿದ್ದರೂ ಅವನು ತಡವರಿಸುವುದು ಗೊತ್ತಾಗುತ್ತದೆ. ಬೈಯಬೇಡಿ, ಅವನನ್ನೂ ನನ್ನನ್ನೂ.

ಪ್ರಭಾರ ಎಚ್‌ಎಂ, ಚಳ್ಳಕೆರೆ ಕಡೆ:

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ತಡವಾಯಿತು. ಏನೇನಾಯಿತು ಅಂತ ಹೇಳುತ್ತೇನೆ.

ಮೊದಲು ಹೆಸರು ಬೇಡ ಅಂದ ಸರ್ ಮಾತು ಹಿಡಿದೆ, ಅದು ನನಗೆ ನಾಟಿತ್ತು. ಮೇಷ್ಟ್ರ ತಲೆ ಮೇಲಿದ್ದ ವಿದ್ಯಾರ್ಥಿವೇತನದ ಎಂಟ್ರಿ ಕೆಲಸ ನಾನು ತೆಗೆದುಕೊಂಡೆ. ಆಮೇಲೆ ಅವರ ಕ್ಲಾಸಿಗೆ ಹೋದೆ. ಮಕ್ಕಳು ಆಟದ ಮೈದಾನದಲ್ಲಿದ್ದರು. ಬೆಂಚಿನ ಮೇಲೆ ಪಟ್ಟಿ ಇಟ್ಟು, ದಾವಣಗೆರೆ ಮೇಡಂ ಬರೆದುಕೊಟ್ಟ ಹಾಗೇ ಹೇಳಿದೆ. ಧ್ವನಿ ಸ್ವಲ್ಪ ನಡುಗಿತು. 'ನಿಮಗೆ ಕಂಡದ್ದು ಏನು ಸರ್?' ಅಂದೆ.

ಅವರು ಸಿಟ್ಟಾಗಲಿಲ್ಲ. ಶರ್ಟಿನ ಜೇಬಿನಿಂದ ಒಂದು ಪಾಕೆಟ್ ಡೈರಿ ತೆಗೆದರು. ಅದರಲ್ಲಿ ಒಂಬತ್ತನೇ ತರಗತಿಯ ಹೆಸರುಗಳಿದ್ದವು. ಹೆಸರಿನ ಮುಂದೆ ಸಣ್ಣ ಗುರುತು. 'ಕಾ' ಅಂದರೆ ಕಾಗುಣಿತ ಬಾರದು, 'ಒ' ಅಂದರೆ ಒತ್ತಕ್ಷರದಲ್ಲಿ ತೊಂದರೆ, 'ಅ' ಅಂದರೆ ಓದುತ್ತಾನೆ ಅರ್ಥ ಆಗಲ್ಲ. ಅವರ ಪಟ್ಟಿ ನನ್ನದಕ್ಕಿಂತ ಉದ್ದವಿತ್ತು! ಕಳೆದ ವರ್ಷದಿಂದಲೇ ಬರೆದುಕೊಂಡು ಬಂದಿದ್ದಾರೆ.

'ಇದನ್ನ ಯಾಕೆ ಸರ್ ಹೇಳಲಿಲ್ಲ?' ಅಂದೆ. 'ಯಾರೂ ಕೇಳಲಿಲ್ಲ ಮೇಡಂ. ಕೇಳಿದವರೆಲ್ಲ ಶೇಕಡಾ ಎಷ್ಟು ಅಂತ ಕೇಳಿದರು' ಅಂದರು.

ನನಗೆ ತಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ. ಆಮೇಲೆ ಮಾತು ತಾನಾಗಿ ಬೆಳೆಯಿತು. ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವರು ನಲಿ-ಕಲಿ (ಚಿಕ್ಕ ಮಕ್ಕಳಿಗೆ ಕಾರ್ಡು, ಗುಂಪಿನ ಮೂಲಕ ನಲಿಯುತ್ತ ಕಲಿಸುವ ಪದ್ಧತಿ) ತರಗತಿ ನಡೆಸಿದವರಂತೆ. ಅದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಎಲ್ಲ ಕಡೆ ಬಂದದ್ದು. ಕಾರ್ಡು, ಏಣಿ, ಗುಂಪು, ಎಲ್ಲ ಬಾಯಿಪಾಠ ಅವರಿಗೆ. ಅಂದರೆ ನಮ್ಮ ಇಡೀ ಶಾಲೆಯಲ್ಲಿ ಅಕ್ಷರ ಬಾರದ ಮಗುವಿಗೆ ಓದು ಕಲಿಸಲು ಗೊತ್ತಿರುವವರು ಒಬ್ಬರೇ, ಅವರೇ. ನಾವು ಅವರಿಂದ ಛಂದಸ್ಸು, ಅಲಂಕಾರ ಮಾಡಿಸಿ, ಪಾಸಾಗಲು ಬೇಕಾದಷ್ಟೇ ಓದಿಸುವ ಪಾಸಿಂಗ್ ಪ್ಯಾಕೇಜ್ ತಯಾರಿಸುತ್ತಿದ್ದೆವು. 'ಹೈಸ್ಕೂಲಲ್ಲಿ ಅ ಆ ಇ ಈ ಹೇಳಿಕೊಟ್ಟರೆ ನಗ್ತಾರೆ ಅಂತ ಸುಮ್ನಿದ್ದೆ' ಅಂದರು.

ವಹಿ ತಿದ್ದಿದೆವು. ಇಬ್ಬರೂ ಕೂತು. 38ರಲ್ಲಿ 23 ಅಂತ ಹೋಯಿತು, ನನ್ನ ಸಹಿ ಮಾತ್ರ. ಅವರ ಪಟ್ಟಿಯಲ್ಲಿದ್ದ ಇನ್ನಿಬ್ಬರನ್ನೂ ಸೇರಿಸಿದೆವು.

ಮೇಲಿನಿಂದ ಫೋನ್ ಬಂತು. 'ಮೇಡಂ, ಟೈಪಿಂಗ್ ಮಿಸ್ಟೇಕ್ ಇರಬೇಕು ನೋಡಿ.' ಟೈಪ್ ಮಾಡಿದ್ದು ನಾನೇ ಸರ್ ಅಂದೆ. 'ಬೇರೆಯವರದ್ದೆಲ್ಲ ನೂರು ಇದೆಯಲ್ಲ.' ತಿದ್ದಬೇಕು ಅಂದರೆ ಬರಹದಲ್ಲಿ ಕೊಡಿ ಸರ್, ತಿದ್ದುತ್ತೇನೆ ಅಂದೆ. ಬರಹದಲ್ಲಿ ಅದು ಬರಲಿಲ್ಲ. ಬಂದದ್ದು ಕಾರಣ ಕೇಳಿ ನೋಟಿಸ್. ಅದರ ಪ್ರತಿಯನ್ನು ಸ್ಟಾಫ್ ರೂಮಿನ ಟೇಬಲ್ ಗಾಜಿನ ಕೆಳಗೆ ಇಟ್ಟೆ. ಸ್ವಲ್ಪ ನಾಟಕ ಆಯಿತೇನೋ. ಆದರೆ ಅದರಲ್ಲಿ ನನ್ನ ಹೆಸರೊಂದೇ ಇರುವುದನ್ನು ಅವರು ಕಣ್ಣಾರೆ ನೋಡಲಿ ಅಂತ ಇತ್ತು. ಮಾರನೇ ದಿನ ಗಣಿತದ ಸರ್ ಬಂದು 'ಎಂಟನೇ ಕ್ಲಾಸಿನದ್ದು ನಾನೂ ಇನ್ನೊಂದ್ಸಲ ನೋಡ್ತೀನಿ' ಅಂದರು. ಭಾಗಾಕಾರ ಎಷ್ಟು ಜನಕ್ಕೆ ಬರುತ್ತೆ ಅಂತ ಈಗ ಅವರೇ ಹೇಳುತ್ತಿದ್ದಾರೆ. ಕೇಳಿದರೆ ಹೊಟ್ಟೆ ತೊಳಸುತ್ತದೆ. ಹಿಂದಿ ಮೇಡಂ ಇನ್ನೂ ಮೊಬೈಲ್ ನೋಡುತ್ತಿದ್ದಾರೆ. ಟೀ ಅಂಗಡಿ ಮಾತು ಪೂರ್ತಿ ನಿಂತಿಲ್ಲ, ನಿಲ್ಲುತ್ತೆ ಅಂತ ನಾನೂ ಅಂದುಕೊಂಡಿಲ್ಲ. ನೋಟಿಸಿಗೆ ಉತ್ತರ ಕೊಟ್ಟಿದ್ದೇನೆ, ಮುಂದೇನೋ ನೋಡಬೇಕು.

ಜಗಳೂರಿನ ಅಮ್ಮನಿಗೆ. ನೀವು ಹೇಳಿದ ಹಾಗೆ ಸಂಜೆ ಹೋದೆವು, ಮೇಷ್ಟ್ರು ನಾನು ಇಬ್ಬರೂ. ಮೇಷ್ಟ್ರಿಗೆ ತೆಲುಗು ಚೆನ್ನಾಗಿ ಬರುತ್ತದೆ, ಅದು ಅನುಕೂಲವಾಯಿತು. ಕಬಡ್ಡಿ ಹುಡುಗನ ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. 'ಇಷ್ಟು ವರ್ಷ ಏನ್ ಮಾಡ್ತಿದ್ರಿ?' ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೂತೇ ಇದ್ದೆವು. ಆಮೇಲೆ ಅವರೇ ಕಾಫಿ ಮಾಡಿ ಕೊಟ್ಟರು, ಹುಡುಗನನ್ನು ಯಾವಾಗ ಕಳಿಸಬೇಕು ಕೇಳಿದರು.

ಈಗ ಸಿಕ್ಕಿಕೊಂಡಿರುವುದು ಅಲ್ಲೇ. ಈ 15 ಮಕ್ಕಳ ಓದುವ ಗುಂಪಿಗೆ ಪಿರಿಯಡ್ ಎಲ್ಲಿಂದ ತರಲಿ? ಬೆಳಿಗ್ಗೆ ಬೇಗ ಅಂದರೆ ತಾಂಡಾದ ಮಕ್ಕಳ ಬಸ್ ಪ್ರಾರ್ಥನೆ ಹೊತ್ತಿಗೇ ಬರುವುದು. ಸಂಜೆ ಅಂದರೆ ಅದೇ ಬಸ್ ಹೋಗಿಬಿಡುತ್ತದೆ. ಸಮಾಜ ವಿಜ್ಞಾನಕ್ಕೆ ವಾರದಲ್ಲಿ ಪಿರಿಯಡ್ ಜಾಸ್ತಿ ಇದೆ ಅಂತ ಪಟ್ಟಿಯಲ್ಲಿ ಕಾಣುತ್ತಿದೆ...

ಸಮಾಜ ವಿಜ್ಞಾನ, ಹೆಸರು ಬೇಡ:

ಗೊತ್ತಿತ್ತು, ಕೊನೆಗೆ ನಮ್ಮ ಪಿರಿಯಡ್‌ಗೇ ಬರುತ್ತದೆ ಅಂತ. ಮುಟ್ಟಬೇಡಿ ಮೇಡಂ. ಓದಲು ಬಾರದ ಮಗುವಿಗೆ ಕತೆಯಾಗಿ ಕೇಳಿ ಅರ್ಥ ಮಾಡಿಕೊಳ್ಳಲು ಆಗುವ ವಿಷಯ ನಮ್ಮದೊಂದೇ. ಅದನ್ನೂ ಕಿತ್ತುಕೊಂಡರೆ ಆ ಹುಡುಗರಿಗೆ ಇಡೀ ದಿನ ಶಾಲೆಯಲ್ಲಿ ಏನು ಉಳಿಯಿತು? ಆದರೆ ಒಂದು ಮಾತು. ನೋಟಿಸನ್ನು ಗಾಜಿನ ಕೆಳಗೆ ಇಟ್ಟಿರಲ್ಲ, ನಮ್ಮ ಶಾಲೆಯಲ್ಲಿ ಯಾರಾದರೂ ಹಾಗೆ ಇಟ್ಟಿದ್ದರೆ ನಾನೂ ಬಾಯಿ ಬಿಡುತ್ತಿದ್ದೆ. ನೀವು ವರ್ಗವಾಗಿ ಹೋಗುವ ಮೊದಲು ಆ 15 ಮಕ್ಕಳ ವಿಷಯ ಯಾರ ಕೈಗೆ ಕೊಡುತ್ತೀರಿ ಅಂತ ಈಗಲೇ ಯೋಚಿಸಿ. ಮೇಷ್ಟ್ರೂ ನಿವೃತ್ತರಾಗುತ್ತಾರೆ ಅಂತ ನೀವೇ ಹೇಳಿದ್ದೀರಿ.

ಹರಿಹರದ ನಿವೃತ್ತ ಎಚ್‌ಎಂ:

ಆ ಡೈರಿಯ ಗುರುತುಗಳನ್ನು ಗಣಿತದ ಸರ್‌ಗೂ ಇನ್ನೊಬ್ಬ ಚಿಕ್ಕ ವಯಸ್ಸಿನವರಿಗೂ ಮೇಷ್ಟ್ರೇ ಕಲಿಸಲಿ. ಈ ವರ್ಷವೇ, ಓದುವ ಗುಂಪು ನಡೆಸುವಾಗ ಪಕ್ಕದಲ್ಲಿ ಕೂರಿಸಿಕೊಂಡು.

ಪಿರಿಯಡ್ ವಿಷಯಕ್ಕೆ: ಆಟದ ಪಿರಿಯಡ್ ತೆಗೆಯಬೇಡಿ. ಕಬಡ್ಡಿ ಹುಡುಗರಿಂದ ಕಬಡ್ಡಿ ಕಿತ್ತುಕೊಂಡರೆ ಅವರು ಓದಲಿಕ್ಕೂ ಬರಲ್ಲ, ಶಾಲೆಗೂ ಬರಲ್ಲ. ಕನ್ನಡದ್ದೇ ಪಿರಿಯಡ್ ಒಡೆಯಿರಿ. ಆ ಹೊತ್ತಿಗೆ ಉಳಿದ 23 ಮಕ್ಕಳನ್ನು ನೀವೋ ಇನ್ನೊಬ್ಬರೋ ಲೈಬ್ರರಿ ಪುಸ್ತಕ ಕೊಟ್ಟು ಕೂರಿಸಿಕೊಳ್ಳಿ. ಊಟದ ನಂತರ ಬೇಡ, ನಿದ್ದೆ ಎಳೆಯುತ್ತದೆ. ಅಕ್ಟೋಬರ್ ಬಂದರೆ ನಿಮ್ಮ ಕಡೆ ಶೇಂಗಾ ಕೀಳಲು ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಅಷ್ಟರೊಳಗೆ ಕಾಗುಣಿತ ಮುಗಿಸಿಕೊಳ್ಳಿ, ಒತ್ತಕ್ಷರ ಆಮೇಲೆ ನೋಡಿಕೊಳ್ಳಬಹುದು.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿದ್ದವರು. ಹಳೇ ನಲಿ-ಕಲಿ ಕಾರ್ಡು ಒಂದು ಪೆಟ್ಟಿಗೆ ಮನೆಯಲ್ಲಿದೆ. ಬೇಕಾದರೆ ಹೇಳಿ, ದಾವಣಗೆರೆಗೆ ಹೋದಾಗ ಚಳ್ಳಕೆರೆ ಬಸ್ಸಿಗೆ ಹಾಕಿಸುತ್ತೇನೆ. ಹೈಸ್ಕೂಲ್ ಹುಡುಗರಿಗೆ ಚಿತ್ರಗಳು ಸ್ವಲ್ಪ ಚಿಕ್ಕಮಕ್ಕಳದ್ದು ಅನ್ನಿಸಬಹುದು. ಹಾಗಿದ್ದರೆ ಕಬಡ್ಡಿ ಆಟದ್ದೇ ಮಾತು ಹಾಕಿ ಹೊಸ ಕಾರ್ಡು ಬರೆಸಿ. ಪಿಇ ಮೇಷ್ಟ್ರಿಗೂ ಒಂದು ಕೆಲಸ ಸಿಕ್ಕಹಾಗಾಯಿತು.